ಬೆನ್ನಿನ ಹಿಂದಿನ ಬಂಡೆ

ಪಿನ್ನಿನ ತುದಿಯನ್ನು ಹುಳುವಿನ ಬಾಯಿಗೆ ಚುಚ್ಚಿ, ಚಿಪ್ಪಿನ ಸುರುಳಿ ಯಾವ ಕಡೆಗೆ ತಿರುಗಿದೆಯೋ ಅದೇ ಕಡೆಗೆ ಮಣಿಕಟ್ಟು ತಿರುಗಿಸಬೇಕು. ಅವಸರ ಮಾಡಿದರೆ ಅರ್ಧ ಮಾಂಸ ಒಳಗೇ ಉಳಿಯುತ್ತದೆ. ಬೇಯಿಸಿದ ಕಡಲ ಬಸವನಹುಳುಗಳ ಪಾತ್ರೆಯನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು, ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ನಾನು ಅದನ್ನೇ ಮಾಡುತ್ತಿದ್ದೆ. ಬಿಡಿಸಿದ್ದು ಬಟ್ಟಲಿಗೆ, ಖಾಲಿ ಚಿಪ್ಪು ಬಕೆಟ್ಟಿಗೆ. ಬಟ್ಟಲಿನ ತಳ ಮುಚ್ಚುವಷ್ಟರಲ್ಲಿ ಬಕೆಟ್ಟು ತುಂಬಿರುತ್ತದೆ. ಮೂಗಿಗಿಂತ ಮೂಗುತಿ ಭಾರ ಅನ್ನುವ ಮಾತು ಈ ಕೆಲಸ ಮಾಡಿದವರ ಬಾಯಿಂದಲೇ ಬಂದಿರಬೇಕು.

ಬಸವನಹುಳು ಹೆಕ್ಕುವುದು ಒಂಟಿ ಹೆಂಗಸರ ಕಸುಬು. ಅವು ಮೇಲಿನ ಬಂಡೆಗಳಲ್ಲಿ, ನೀರು ಬರಿದೆ ಸಿಡಿದು ಹೋಗುವ ಜಾಗದಲ್ಲಿ, ಬಿರುಕು ಬಿರುಕಿಗೂ ಗುಂಪು ಕಟ್ಟಿಕೊಂಡು ಕೂತಿರುತ್ತವೆ. ಕೈಗೆ ಸಿಕ್ಕಷ್ಟು ತರಬಹುದು, ಯಾರ ಹಂಗೂ ಇಲ್ಲ. ಬಂಡೆಗೆ ನಾರಿನಿಂದ ಅಂಟಿ ಗುಂಪಾಗಿ ಬೆಳೆಯುವ ಕಪ್ಪು ಚಿಪ್ಪು ಹಾಗಲ್ಲ. ಅದು ಇರುವುದು ಕೆಳಗೆ, ನೀರು ಚೆನ್ನಾಗಿ ಇಳಿದಾಗ ಮಾತ್ರ ಮೈ ತೋರಿಸುವ ಬಂಡೆಗಳಲ್ಲಿ. ನಮ್ಮ ದಡದಲ್ಲಿ ಅಲ್ಲಿಗೆ ಒಬ್ಬರೇ ಯಾರೂ ಇಳಿಯುವುದಿಲ್ಲ. ಇಬ್ಬರು ಬೇಕು. ಒಬ್ಬರು ಬಂಡೆಗೆ ಮುಖ ಮಾಡಿ ಬಗ್ಗಿ ಕೀಳುತ್ತಾರೆ. ಇನ್ನೊಬ್ಬರು ಅವರಿಗೆ ಬೆನ್ನು ಕೊಟ್ಟು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಸಮುದ್ರ ನೋಡುತ್ತ ನಿಲ್ಲುತ್ತಾರೆ. ದೊಡ್ಡ ತೆರೆ ಏಳುವುದು ಕಂಡರೆ "ಬಂತು!" ಅಂತ ಕೂಗಬೇಕು. ಕೂಗು ಕೇಳಿದವರು ಏನು ಎತ್ತ ಅಂತ ತಲೆ ಎತ್ತಿ ನೋಡಬಾರದು. ಕತ್ತಿ ಬಿಟ್ಟು ಬಂಡೆಯನ್ನು ತಬ್ಬಿಕೊಳ್ಳಬೇಕು. ಚೀಲ ಎಳೆಯುವ ಸದ್ದಿನಿಂದಲೇ ಭಾರ ಅಳೆದು "ಸಾಕು, ಬಿಡು" ಅನ್ನುವುದೂ ಕಾವಲಿನವರ ಕೆಲಸ. ಕೀಳುವ ಕೈಗೆ ಸಾಕು ಅನ್ನುವುದು ತಾನಾಗಿ ತಿಳಿಯುವುದಿಲ್ಲ.

ನಾನು ಕಾವಲು ನಿಲ್ಲುತ್ತಿದ್ದವಳು. ಕತ್ತಿ ನನ್ನ ಓರಗಿತ್ತಿಯದು. ಅಣ್ಣನ ಹೆಂಡತಿ ಅವಳು, ತಮ್ಮನ ಹೆಂಡತಿ ನಾನು. ಅವಳನ್ನು ನಾನು ಅಕ್ಕ ಅನ್ನುತ್ತಿದ್ದೆ, ಅವಳು ನನ್ನನ್ನು ಸಣ್ಣಿ ಅನ್ನುತ್ತಿದ್ದಳು; ತಲೆ ಪೂರ್ತಿ ನರೆತ ಮೇಲೂ ನಾನು ಸಣ್ಣಿಯೇ. ಅಣ್ಣತಮ್ಮ ಇಬ್ಬರೂ ಐಸ್ ಕಾರ್ಖಾನೆಯಲ್ಲಿ ದುಡಿದು, ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಉಳಿದದ್ದು ಒಂದು ಗೋಡೆ ಹಂಚಿಕೊಂಡ ಎರಡು ಕೋಣೆ, ನಾವಿಬ್ಬರು. ಎರಡು ಜಡೆ ಒಂದು ಕಡೆ ಸೇರಲ್ಲ ಅನ್ನುತ್ತಾರೆ. ನಮ್ಮ ಜಡೆಗಳು ದಿನವೂ ಒಂದಕ್ಕೊಂದು ಬೆನ್ನು ಮಾಡಿಕೊಂಡೇ ಇದ್ದವಲ್ಲ, ಅದಕ್ಕೇ ಸೇರಿದ್ದಿರಬೇಕು.

"ಅಜ್ಜಿ, ನೀವು ಕಾವಲು ನಿಲ್ತಿದ್ರಂತೆ, ಹೌದಾ?"

ತಲೆ ಎತ್ತಿದೆ. ಮೊಣಕಾಲವರೆಗೆ ರಬ್ಬರ್ ಬೂಟು ಹಾಕಿಕೊಂಡ ಹುಡುಗಿಯೊಬ್ಬಳು ಬಕೆಟ್ಟಿನ ಪಕ್ಕದಲ್ಲಿ ನಿಂತಿದ್ದಳು. ಅವಳನ್ನು ದೂರದಿಂದ ನೋಡಿದ್ದೆ. ಕಡಲ ಜೀವಿಗಳನ್ನು ಓದುವ ಸಂಸ್ಥೆಯಿಂದ ಬಂದವಳು. ತಂತಿಯ ಚೌಕವೊಂದನ್ನು ಬಂಡೆಯ ಮೇಲಿಟ್ಟು, ಅದರೊಳಗೆ ಏನೇನಿದೆ ಎಂದು ಎಣಿಸುತ್ತಿದ್ದಳು. ದಡದಲ್ಲಿ ಎಲ್ಲರೂ ಅವಳನ್ನು ಚೌಕದ ಹುಡುಗಿ ಅನ್ನುತ್ತಿದ್ದರು.

"ನಿಲ್ತಿದ್ದೆ. ಈಗ ಯಾರಿಗೆ ನಿಲ್ಲಲಿ?"

"ನನಗೆ. ಮೇಲಿನ ಬಂಡೆ ಮುಗೀತು, ಕೆಳಗಿಂದು ಎಣಿಸಬೇಕು. ಒಬ್ಬಳೇ ಇಳಿದರೆ ಕಾಲು ಮುರೀತಾರಂತೆ ಇಲ್ಲಿ."

"ಕಾಲು ನಾವು ಮುರಿಯಲ್ಲ. ಅದನ್ನ ಸಮುದ್ರ ಮಾಡುತ್ತೆ. ಬೇರೆ ಯಾರೂ ಸಿಗಲಿಲ್ವಾ?"

"ಇಳಿತದ ಹೊತ್ತಿಗೆ ಎಲ್ಲರೂ ಅವರವರ ಬಂಡೆಗೆ ಹೋಗಿಬಿಡ್ತಾರೆ. ಜೋಡಿ ಇಲ್ಲದೋರು ನೀವೊಬ್ಬರೇ ಅಂದರು."

ಅಂದವರು ಯಾರೋ, ಮಾತು ಸರಿಯಾಗಿಯೇ ಇತ್ತು. ಪಿನ್ನನ್ನು ಸೆರಗಿಗೆ ಸಿಕ್ಕಿಸಿಕೊಂಡೆ. "ನಾಳೆ ಬಾ. ಬೂಟು ಬಿಟ್ಟು ಬಾ. ಆ ಬೂಟಿಗೆ ನೀರು ನುಗ್ಗಿದರೆ ನಿನ್ನ ಕಾಲೇ ನಿನಗೆ ಲಂಗರು."

ಮರುದಿನ ಕೆಳಗಿನ ಬಂಡೆಯ ಮೇಲೆ ಮತ್ತೆ ಬರಿಗಾಲಲ್ಲಿ ನಿಂತೆ. ಹುಡುಗಿ ಹಿಂದೆ ಕೂತಳು. ಚೌಕ ಬಂಡೆಗೆ ತಗುಲಿ ಠಣ್ ಅಂದಿತು. ಅವಳು ಎಣಿಸುತ್ತ ಗೊಣಗತೊಡಗಿದಳು: ಬಾರ್ನಕಲ್ ಇಷ್ಟು, ಕಡಲ ಹೂವು ಎರಡು, ಸತ್ತ ಚಿಪ್ಪು ಒಂದು. ಬೆನ್ನಿನ ಹಿಂದೆ ಒಂದು ಹೆಣ್ಣು ದನಿ. ನನ್ನ ಎರಡೂ ಭುಜಗಳ ನಡುವೆ ಎಲ್ಲೋ ಬೆಚ್ಚಗಾಯಿತು. ಬಹಳ ವರ್ಷ ಮುಚ್ಚಿಟ್ಟ ಕೋಣೆಯ ಕಿಟಕಿ ತೆಗೆದರೆ ಮೊದಲು ದೂಳು ಏಳುತ್ತದಲ್ಲ, ಹಾಗೆ ಕಣ್ಣು ಉರಿಯಿತು. ತೆರೆಗಳು ಮಂಜಾದವು. ಕಾವಲು ನಿಂತವಳ ಕಣ್ಣು ಮಂಜಾಗಬಾರದು. ಸೆರಗಿನಿಂದ ಒರೆಸಿಕೊಂಡೆ.

ಇಷ್ಟು ವರ್ಷ ಆ ಬಂಡೆಗಳ ನಡುವೆ ನಿಂತರೂ ನಾನು ಅವನ್ನು ಕಂಡವಳಲ್ಲ, ಕೇಳಿದವಳು. ಅಕ್ಕ ಕೀಳುತ್ತ ಕೀಳುತ್ತ ಕಂಡದ್ದೆಲ್ಲ ಹೇಳುತ್ತಿದ್ದಳು.

"ಏ ಸಣ್ಣಿ, ಇಲ್ಲೊಂದು ಏಡಿ ಹೊಸ ಅಂಗಿ ಹಾಕ್ಕೊಂಡಿದೆ. ಹಳೇದನ್ನ ಪಕ್ಕದಲ್ಲೇ ಕಳಚಿ ಬಿಸಾಕಿದೆ, ಥೇಟ್ ನಿನ್ನ ಗಂಡ."

"ಸಣ್ಣಿ, ನಕ್ಷತ್ರಮೀನು ಚಿಪ್ಪನ್ನ ಗಟ್ಟಿಯಾಗಿ ತಬ್ಬಿಕೊಂಡಿದೆ ಕಣೇ. ಪ್ರೀತಿ ಅಂದ್ಕೋಬೇಡ. ಊಟ."

ನಾನು ಅವಳಿಗೆ ಸಮುದ್ರ ಹೇಳುತ್ತಿದ್ದೆ: ದೂರದಲ್ಲಿ ಹಡಗೊಂದು ನಿಂತಿದೆ, ನೀರಿನ ಬಣ್ಣ ಬದಲಾಗಿದೆ, ಹಕ್ಕಿಗಳು ಒಂದೇ ಕಡೆ ಮುಗಿಬಿದ್ದಿವೆ. ಅವಳ ಸಮುದ್ರ ನನ್ನ ಬಾಯಲ್ಲಿತ್ತು, ನನ್ನ ಬಂಡೆ ಅವಳ ಬಾಯಲ್ಲಿತ್ತು. ಅವಳು ಹೋದ ಮೇಲೆ ನನಗೆ ಉಳಿದದ್ದು ಬರೀ ಸಮುದ್ರ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ.

ಅವಳು ಹೋದದ್ದು ತಾಯಿಬಂಡೆಯ ದೆಸೆಯಿಂದ.

ನಮ್ಮಲ್ಲಿ ಪ್ರತಿ ಜೋಡಿಯೂ ತಮ್ಮ ಪಾಲಿನ ದಡದಲ್ಲಿ ಒಂದು ಬಂಡೆಯನ್ನು ಮುಟ್ಟದೆ ಬಿಡುತ್ತದೆ. ಅದರ ಮೈತುಂಬ ಚಿಪ್ಪು ಇದ್ದರೆ ಸುತ್ತಲಿನ ಬಂಡೆಗಳಿಗೂ ಮರಿ ಬರುತ್ತದೆ ಅಂತ ಹಿಂದಿನವರು ಹೇಳಿದ್ದು. ನಮ್ಮದು ಒಂದು ಮಂಚದಷ್ಟು ಅಗಲದ ಬಂಡೆ. ಅದರ ನೆತ್ತಿ ಎಲ್ಲ ಇಳಿತದಲ್ಲೂ ಕಾಣುತ್ತದೆ. ಸಮುದ್ರದ ಕಡೆಗಿರುವ ಕೆಳಮುಖ ಕಾಣುವುದು ವರ್ಷಕ್ಕೆ ಎರಡೇ ಸಲ, ಹಗಲೂ ರಾತ್ರಿಯೂ ಸಮವಾಗುವ ಕಾಲದ ದೊಡ್ಡ ಇಳಿತದಲ್ಲಿ.

ಅಂಥ ಒಂದು ದೊಡ್ಡ ಇಳಿತದ ದಿನ ನನಗೆ ಮೈ ಸುಡುವ ಜ್ವರ. "ನೀನು ಮಲಗಿರು, ಸುಮ್ಮನೆ ನೋಡ್ಕೊಂಡು ಬರ್ತೀನಿ" ಅಂದು ಅಕ್ಕ ಹೊರಟಳು. ನೋಡಿಕೊಂಡು ಬರುವವಳು ಕತ್ತಿ ಯಾಕೆ ಒಯ್ದಳು ಅಂತ ಕೇಳುವಷ್ಟು ಎಚ್ಚರ ನನಗಿರಲಿಲ್ಲ. ಒಬ್ಬಳೇ ಇಳಿದಳು. ಕಿವಿ ಸಮುದ್ರದ ಕಡೆ, ಕಣ್ಣು ಬಂಡೆಯ ಕಡೆ, ಜೀವ ಕೈಯಲ್ಲಿ. ಹಾಗೆ ಧಾವಂತದಲ್ಲಿ ಕೀಳುವಾಗ ಯಾವ ಬಂಡೆ ಎಲ್ಲಿ ಮುಗಿಯಿತು, ಯಾವುದು ಎಲ್ಲಿ ಶುರುವಾಯಿತು ಅನ್ನುವುದು ಕೈಗೆ ಗೊತ್ತಾಗಿಲ್ಲ. ಸಾಕು ಅನ್ನಲು ಹಿಂದೆ ಯಾರೂ ಇರಲಿಲ್ಲ. ಸಂಜೆ ಎರಡು ಚೀಲ ಎಳೆದುಕೊಂಡು ಬಂದವಳ ಮುಖ ಹಿಗ್ಗಿನಿಂದ ಊದಿಕೊಂಡಿತ್ತು. "ನೋಡೇ ಸಣ್ಣಿ, ನೀನಿಲ್ಲದೆ ಎರಡರಷ್ಟು! ಇಷ್ಟು ದಿನ ನಿನ್ನ ಬಾಯಿ ಕೇಳ್ಕೊಂಡು ಕೆಟ್ಟೆ."

ಮರುದಿನ ಜ್ವರ ಇಳಿಯಿತು, ಇಬ್ಬರೂ ಇಳಿದೆವು. ನನ್ನ ಜಾಗದಲ್ಲಿ ನಾನು ನಿಂತೆ. ಬೆನ್ನಿನ ಹಿಂದೆ ಕತ್ತಿಯ ಸದ್ದಿಲ್ಲ.

"ಏನಕ್ಕಾ, ಕತ್ತಿ ಮರೆತು ಬಂದ್ಯಾ?"

ಕಲ್ಲಿನ ಮೇಲೆ ಅಂಗೈ ಸವರಿದ ಸದ್ದು.

"ಅಕ್ಕಾ?"

"ತಿರುಗಬೇಡ," ಅಂದಳು. "ನೀನು ಸಮುದ್ರ ನೋಡು."

ನಾನು ತಿರುಗಲಿಲ್ಲ. ಹತ್ತಿ ಬರುವಾಗ ಓರೆಗಣ್ಣಿಗೆ ಬಿತ್ತು. ತಾಯಿಬಂಡೆಯ ನೆತ್ತಿ ಬೋಳು. ಚಿಪ್ಪುಗಳು ಹಿಡಿದುಕೊಂಡಿದ್ದ ನಾರುಗಳು ಮಾತ್ರ, ಕತ್ತರಿಸಿದ ಮೋಟು ಕೂದಲಿನ ಹಾಗೆ ಅಲ್ಲಲ್ಲಿ ನಿಂತಿದ್ದವು. ನನಗೆ ಸಿಟ್ಟಿರಲಿಲ್ಲ, ಅವಳು ಅದನ್ನು ಕೇಳಲೂ ಇಲ್ಲ. ಆ ವಾರ ನಲ್ಲಿಯ ಹತ್ತಿರ ಯಾರೋ ಅವಳಿಗೆ ಕೇಳಿಸುವ ಹಾಗೆ "ತಾಯಿಯನ್ನೇ ತಿಂದೋಳು" ಅಂದರು. ಅಕ್ಕ ಕೊಡವನ್ನು ಅಲ್ಲೇ ಬಿಟ್ಟು ಬಂದಳು. ಸಮುದ್ರದಿಂದ ಬಹಳ ದೂರ, ರೈಲಿನಲ್ಲಿ ಒಂದು ಹಗಲು ಕೂರಬೇಕಾದಷ್ಟು ದೂರ ಇದ್ದ ಮಗಳ ಮನೆಗೆ ಹೊರಟುಹೋದಳು. ಕೊಡ ನಾನು ತಂದಿಟ್ಟೆ. ಈಗಲೂ ಇದೆ.

ಕೆಲವು ತಿಂಗಳ ಮೇಲೆ ಅವಳ ಕಾಗದ ಬಂತು, ಮೊಮ್ಮಗಳ ಕೈಬರಹದಲ್ಲಿ. ನನಗೆ ಆಗ ಅಕ್ಷರ ಬರುತ್ತಿರಲಿಲ್ಲ. ಅಂಚೆ ಕಚೇರಿಯ ಗುಮಾಸ್ತನೇ ಓದಿ ಹೇಳಿದ. ಕ್ಷೇಮ ಸಮಾಚಾರ ಆದ ಮೇಲೆ ಇದ್ದದ್ದು ಇಷ್ಟೇ: ತಾಯಿಬಂಡೆ ತುಂಬಿದರೆ ಬರೆ, ಬರ್ತೀನಿ. ತುಂಬದಿದ್ದರೆ ಬರೆಯಬೇಡ.

ಆ ಉತ್ತರವನ್ನು ಇನ್ನೊಬ್ಬರ ಕೈಯಲ್ಲಿ ಬರೆಸಬಾರದು ಅಂತ ನಾನು ಗೋದಾಮಿನ ಮಹಡಿಯ ರಾತ್ರಿ ಶಾಲೆಗೆ ಸೇರಿದೆ. ಸ್ಲೇಟಿನ ಮೇಲೆ ಅಕ್ಷರ ತಿದ್ದುವಾಗ ಪಕ್ಕದಲ್ಲಿ ಕೂತ ಹಮಾಲ, "ಯಾರಿಗೆ ಅಜ್ಜಿ, ಪ್ರೇಮಪತ್ರನಾ?" ಅನ್ನುತ್ತಿದ್ದ. "ಹೌದಪ್ಪ, ಓರಗಿತ್ತಿಗೆ" ಅನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಅಕ್ಷರ ಬಂತು. ಬಂಡೆ ತುಂಬಲಿಲ್ಲ.

ಪ್ರತಿ ಇಳಿತಕ್ಕೂ ಮೇಲಿನ ಬಂಡೆಯ ತುದಿಯಲ್ಲಿ ನಿಂತು ಅದರ ನೆತ್ತಿ ನೋಡುತ್ತಿದ್ದೆ. ಮೊದಲ ವರ್ಷ ಹಸಿರು ಲೋಳೆ ಬಂತು, ಕಾಲಿಟ್ಟರೆ ಜಾರುವಂಥದ್ದು. ಆಮೇಲೆ ಬಿಸಿಲಿಗೆ ಅದು ಸಿಪ್ಪೆಯೆದ್ದು ಹೋಯಿತು. ಬಿಳಿ ಚುಕ್ಕೆಗಳು ಕೂತವು. ಅವು ಬೆಳೆದು ಮೊನಚಾದವು. ನಾವು ಕಲ್ಲುಹಲ್ಲು ಅನ್ನುತ್ತೇವೆ, ಹುಡುಗಿ ಬಾರ್ನಕಲ್ ಅನ್ನುತ್ತಾಳೆ. ಒಂದು ಬೇಸಿಗೆಯಲ್ಲಿ ಅವೂ ಅರ್ಧಕ್ಕರ್ಧ ಸತ್ತು, ಖಾಲಿ ಗೂಡುಗಳ ಬಾಯಿ ತೆರೆದುಕೊಂಡಿದ್ದವು. ಕಪ್ಪು ಎಲ್ಲೂ ಕಾಣಲಿಲ್ಲ. ಕೆಳಮುಖದಲ್ಲಿ ಏನಿದೆಯೋ, ಅದನ್ನು ನೋಡಬೇಕಾದರೆ ಇಳಿದು, ಸುತ್ತಿ ಹೋಗಿ, ಸಮುದ್ರಕ್ಕೆ ಬೆನ್ನು ಹಾಕಿ ಬಗ್ಗಬೇಕು. ನನ್ನ ಬೆನ್ನು ಕಾಯುವವರು ಯಾರು?

ಬರೆಯದೆ ಇದ್ದದ್ದೇ ನನ್ನ ಉತ್ತರವಾಗಿಹೋಗಿತ್ತು. ವರ್ಷ ವರ್ಷವೂ ನಾನು ಬಾಯಿ ಮುಚ್ಚಿಕೊಂಡೇ ಅವಳಿಗೆ ಹೇಳುತ್ತಿದ್ದೆ: ತುಂಬಿಲ್ಲ, ಬರಬೇಡ. ತುಂಬಿದೆ ಅಂತ ಒಂದು ಸುಳ್ಳು ಬರೆದರೆ? ಬರೆದೂ ನೋಡಿದೆ. ಅಂಚೆ ಕಚೇರಿಯ ಸಾಲಿನಲ್ಲಿ ನಿಂತೆ, ನನ್ನ ಸರದಿ ಬಂದಾಗ ಗೋಂದಿನ ಡಬ್ಬಿ ಮುಟ್ಟಿ ವಾಪಸು ಬಂದೆ. ಅವಳು ಬಂದು ಬೋಳು ಬಂಡೆ ನೋಡಿದರೆ ಎರಡನೇ ಸಲ ಹೋಗುತ್ತಾಳೆ. ಎರಡನೇ ಸಲ ಹೋದವರು ತಿರುಗಿ ಬರುವುದಿಲ್ಲ. ಫೋನ್ ಮಾಡಬಾರದೇ ಅಂದರೆ, ಅಕ್ಕನ ಕಿವಿ ಕೆಟ್ಟಿದೆ. ಫೋನ್ ಕೊಟ್ಟರೆ "ಚೆನ್ನಾಗಿದ್ದೀನಿ! ಚೆನ್ನಾಗಿದ್ದೀನಿ!" ಅಂತ ಎರಡು ಸಲ ಕಿರುಚಿ ಮಗಳ ಕೈಗೆ ಕೊಟ್ಟುಬಿಡುತ್ತಾಳೆ. ಮಗಳು "ಮಂಡಿ ಬಗ್ಗಲ್ಲ ಚಿಕ್ಕಮ್ಮ, ಕಿಟಕಿ ಹತ್ರ ಕೂತಿರ್ತಾರೆ" ಅನ್ನುತ್ತಾಳೆ. ಕಿಟಕಿಯಿಂದ ಏನು ಕಾಣುತ್ತೆ ಅಂತ ಕೇಳಿದೆ. ಎದುರು ಮನೆ ಗೋಡೆ ಅಂದಳು.

ಚೌಕದ ಹುಡುಗಿಯ ಜೊತೆ ಹಲವು ಇಳಿತ ಕಳೆದವು. ಅವಳಿಗೂ ಹಿಂದಿನಿಂದ ಮಾತಾಡುವ ಚಟ ಹತ್ತಿತು. ಒಂದು ದಿನ ಟೋಪಿಚಿಪ್ಪಿನ ವಿಷಯ ಹೇಳಿದಳು. ಟೋಪಿಯ ಹಾಗೆ ಬಂಡೆಗೆ ಬೋರಲಾಗಿ ಅಂಟಿರುತ್ತದಲ್ಲ, ಆ ಜೀವಿ. ಅದರ ಬೆನ್ನಿಗೊಂದು, ಅದು ಕೂತ ಜಾಗಕ್ಕೊಂದು ಬಣ್ಣದ ಚುಕ್ಕೆ ಇಟ್ಟಿದ್ದಳಂತೆ.

"ಅದಕ್ಕೂ ಮನೆ ನಂಬರ್ ಬಿತ್ತಾ?"

"ಹೂಂ ಅಜ್ಜಿ. ನೀರು ಏರಿದಾಗ ಮೇಯೋಕೆ ಹೋಗುತ್ತೆ, ಇಳಿಯೋ ಹೊತ್ತಿಗೆ ಅದೇ ಜಾಗಕ್ಕೆ ಬಂದು ಕೂರುತ್ತೆ. ಅದರ ಚಿಪ್ಪಿನ ಅಂಚಿಗೆ ಸರಿಯಾಗಿ ಕಲ್ಲು ಸವೆದಿರುತ್ತೆ, ಬೇರೆ ಕಡೆ ಕೂತರೆ ಸಂದಿ ಉಳಿದು ಒಣಗಿ ಸಾಯುತ್ತೆ."

"ಎಷ್ಟು ದೂರ ಹೋಗುತ್ತೆ?"

"ಒಂದು ಮೊಳ, ಎರಡು ಮೊಳ."

ರೈಲಿನಲ್ಲಿ ಹೋದರೆ ದಾರಿ ತಿಳಿಯುತ್ತದೆಯೋ ಇಲ್ಲವೋ ಅಂತ ಕೇಳಲು ಬಾಯಿ ತೆರೆದೆ.

ಬದಲಿಗೆ ತಾಯಿಬಂಡೆಯ ಕಥೆ ಹೇಳಿದೆ. ಅವಳು ಎಣಿಸುವುದನ್ನು ನಿಲ್ಲಿಸಿ ಕೇಳಿದಳು.

"ಖಾಲಿ ಕಲ್ಲಿಗೆ ಕಪ್ಪು ಚಿಪ್ಪು ಮೊದಲು ಬರೋದಿಲ್ಲ ಅಜ್ಜಿ. ಅದರ ಮರಿ ಕಣ್ಣಿಗೆ ಕಾಣದಷ್ಟು ಸಣ್ಣದು, ವಾರಗಟ್ಟಲೆ ನೀರಿನಲ್ಲಿ ತೇಲಾಡುತ್ತೆ. ಹಿಡ್ಕೊಳ್ಳೋಕೆ ಎಳೆ ಎಳೆಯಾಗಿ ಏನಾದರೂ ಬೇಕು. ದೊಡ್ಡವರ ನಾರು ಇದ್ದರೆ ಅದು, ಇಲ್ಲದಿದ್ದರೆ ಪಾಚಿ, ಬಾರ್ನಕಲ್ ಸಂದಿ. ಮೊದಲು ಬೇರೆಯವರು ಬಂದು ಜಾಗ ಒರಟು ಮಾಡಬೇಕು."

"ಎಷ್ಟು ವರ್ಷ?"

"ಹೇಳೋಕಾಗಲ್ಲ. ಕೆಲವು ಕಡೆ ಬೇಗ ಬರುತ್ತೆ. ಕೆಲವು ಕಡೆ ಬರೋದೇ ಇಲ್ಲ." ಆಮೇಲೆ ಅಂದಳು, "ಬಂದರೆ ನೆತ್ತಿಗಲ್ಲ, ಮೊದಲು ಕೆಳಗೆ, ಬಿಸಿಲು ತಾಗದ ಕಡೆ."

ಅಂದರೆ ಕೆಳಮುಖ. ನಾನು ಇಷ್ಟು ವರ್ಷ ನೆತ್ತಿ ನೋಡಿಕೊಂಡು ಕೂತಿದ್ದೆ.

ದೊಡ್ಡ ಇಳಿತ ಆ ವಾರವೇ ಇತ್ತು. ಹುಡುಗಿಯ ಕೆಲಸವೂ ಅಲ್ಲಿಗೆ ಮುಗಿಯುವುದಿತ್ತು. "ನಾನೇ ನೋಡಿ ಹೇಳ್ತೀನಿ ಅಜ್ಜಿ," ಅಂದಳು. "ನೀವು ಕಾವಲು ನಿಲ್ಲಿ. ಒಂದು ನಿಮಿಷದ ಕೆಲಸ." ನನಗೂ ಅದೇ ಸರಿ ಅನ್ನಿಸಿತು. ಇನ್ನೊಬ್ಬರ ಬಾಯಲ್ಲಿ ಬಂಡೆ ಕೇಳಿ ಅಭ್ಯಾಸವಾದವಳು ನಾನು.

ಆ ಬೆಳಿಗ್ಗೆ ನೀರು ಯಾರೋ ಚಾಪೆ ಸುತ್ತಿ ಒಯ್ದ ಹಾಗೆ ಹಿಂದೆ ಸರಿದಿತ್ತು. ವರ್ಷವಿಡೀ ಮುಳುಗಿರುವ ಕಂದು ಪಾಚಿಗಳು ಸೋತು ನೆಲಕ್ಕೆ ಒರಗಿದ್ದವು. ಕಡಲ ಹೂವುಗಳು ಮುದುಡಿ, ಚೀಪಿದ ಮಿಠಾಯಿಯ ಹಾಗೆ ಬಂಡೆಗೆ ಅಂಟಿದ್ದವು. ಎಲ್ಲ ಕಡೆಯಿಂದ ಚಿಟಿಚಿಟಿ ಸದ್ದು. ನೀರಿಲ್ಲದಾಗ ಬಂಡೆಯ ಜೀವಗಳೆಲ್ಲ ಬಾಗಿಲು ಹಾಕಿಕೊಳ್ಳುವ ಸದ್ದು ಅದು. ದೂರದ ಬಂಡೆಗಳಲ್ಲಿ ಉಳಿದ ಜೋಡಿಗಳು ಕಂಡವು. ಒಂದೊಂದರಲ್ಲೂ ಒಬ್ಬರು ಬಗ್ಗಿದವರು, ಒಬ್ಬರು ನಿಂತವರು.

ತಾಯಿಬಂಡೆಯ ಪಕ್ಕ ನನ್ನ ಹಳೆಯ ಜಾಗದಲ್ಲಿ ಕಾಲೂರಿದೆ. ಹುಡುಗಿಗೆ ಮೂರು ಸಲ ಹೇಳಿದೆ: "ಬಂತು ಅಂದರೆ ನೋಡಬೇಡ. ತಬ್ಬಿಕೋ."

"ಗೊತ್ತು ಅಜ್ಜಿ, ಗೊತ್ತು."

ಅವಳು ಸುತ್ತಿ ಹೋಗಿ ಕೂತದ್ದು ಸದ್ದಿನಿಂದ ತಿಳಿಯಿತು. ಬಟ್ಟೆ ಕಲ್ಲಿಗೆ ಉಜ್ಜಿತು. ಪಾಚಿಯನ್ನು ಕೈಯಿಂದ ಸರಿಸಿದಳು.

"ಬಾರ್ನಕಲ್ ಇದೆ. ತುಂಬಾ ಇದೆ," ಅಂದಳು. "ಕೆಂಪು ಪಾಚಿ. ಅದರ ಕೆಳಗೆ... ಇರಿ, ತಡೀರಿ..."

ನನ್ನ ಕಿವಿ ಎರಡೂ ಅವಳ ಕಡೆಗಿದ್ದವು. ಕಣ್ಣು ಮಾತ್ರ ನೀರಿನ ಮೇಲಿತ್ತು. ಆಗಲೇ ಆಚೆ, ನೀರು ಕಪ್ಪಗೆ ಬೆನ್ನು ಎತ್ತಿತು. ಎರಡು ತೆರೆ ಒಂದರ ಮೇಲೊಂದು ಹತ್ತಿದರೆ ಹಾಗೆ ಕಾಣುತ್ತದೆ.

"ಅಜ್ಜಿ, ಇಲ್ಲಿ ಕಪ್ಪಗೆ ಏನೋ..."

"ಬಂತು!"

ಅವಳು ಎದ್ದು ನಿಂತಳು. ಎದ್ದು, ತಿರುಗಿ, ಏನು ಬಂತು ಅಂತ ನೋಡಿದಳು.

ತೆರೆ ಅವಳನ್ನು ಬಂಡೆಯಿಂದ ಬಿಡಿಸಿಕೊಂಡು ನನ್ನ ಕಡೆಗೇ ತಂದದ್ದು ಪುಣ್ಯ. ಜಡೆ ಕೈಗೆ ಸಿಕ್ಕಿತು. ಒಂದು ಕೈಯಲ್ಲಿ ಬಂಡೆಯ ಮೂಲೆ, ಇನ್ನೊಂದರಲ್ಲಿ ಅವಳ ಜಡೆ. ನೀರು ಹಿಂದಕ್ಕೆ ಎಳೆಯುವಾಗ ಯಾವುದನ್ನೂ ಬಿಡಲಿಲ್ಲ. ಚೌಕ ಕಲ್ಲಿನಿಂದ ಕಲ್ಲಿಗೆ ಠಣ್ ಠಣ್ ಅನ್ನುತ್ತ ಹೋಗಿ ಮುಳುಗಿತು.

ಮೇಲೆ ಹತ್ತಿ ಕೂತ ಮೇಲೆ ನೋಡಿದರೆ, ಕಲ್ಲುಹಲ್ಲು ತಾಗಿ ಅವಳ ಮೊಣಕಾಲು, ಮುಂಗೈ ಎಲ್ಲ ಗೀರಿತ್ತು. ನನ್ನ ಅಂಗೈಯೂ ಅಷ್ಟೇ. ಅವಳನ್ನು ಮನೆಗೆ ಕರೆದುಕೊಂಡು ಬಂದು ನನ್ನ ಒಣಗಿದ ಸೀರೆಯೊಂದನ್ನು ಹೊದಿಸಿದೆ. ಬಿಸಿ ನೀರಲ್ಲಿ ಗಾಯ ತೊಳೆದೆ.

"ನೋಡಬೇಡಿ ಅಂದಿದ್ರಿ," ಅಂದಳು. "ಕೂಗಿದ ತಕ್ಷಣ ನೋಡಲೇಬೇಕು ಅನ್ನಿಸಿಬಿಡ್ತು."

"ಎಲ್ಲರಿಗೂ ಅನ್ನಿಸುತ್ತೆ ಮಗಳೇ. ನನ್ನ ಓರಗಿತ್ತಿಗೂ ಮೊದಮೊದಲು ಅನ್ನಿಸಿತ್ತು. ಹಲ್ಲು ಒಂದು ಹೋದ ಮೇಲೆ ಬಿಟ್ಟಳು."

ಅವಳು ನಕ್ಕಳು, ಆಮೇಲೆ ಅತ್ತಳು. ಅವಳ ತಲೆ ಒರೆಸುತ್ತ, ತಡೆಯಲಾರದೆ ಕೇಳಿದೆ: "ಕಪ್ಪಗೆ ಏನೋ ಅಂದೆಯಲ್ಲ."

"ಅಂದೆ."

"ಚಿಪ್ಪಾ?"

ಅವಳು ತನ್ನ ಬೆರಳಿನ ಉಗುರು ನೋಡಿಕೊಂಡಳು. "ಚಿಪ್ಪಿರಬಹುದು. ಬೆರಳಿನ ಉಗುರಿನಷ್ಟು, ಗುಂಪಾಗಿ. ಒದ್ದೆ ಕಲ್ಲಿನ ನೆರಳೂ ಇರಬಹುದು. ಸುಳ್ಳು ಹೇಳೋಕೆ ನನಗೆ ಮನಸ್ಸು ಬರ್ತಿಲ್ಲ ಅಜ್ಜಿ. ನಾಳೆ ಇನ್ನೊಂದು ಸಲ ಇಳೀಲಾ?"

"ಬೇಡ. ನಿನ್ನ ಅಮ್ಮನಿಗೆ ನಾನು ಉತ್ತರ ಕೊಡಬೇಕಾಗುತ್ತೆ."

ಎರಡು ದಿನ ಬಿಟ್ಟು ಅವಳು ಪೆಟ್ಟಿಗೆ ಕಟ್ಟಿಕೊಂಡು ಹೋದಳು. ಹೋಗುವಾಗ ನನ್ನ ಕಾಲ ಬಳಿ ರಬ್ಬರ್ ಬೂಟು ಇಟ್ಟಳು, "ಲಂಗರು ನಿಮಗೇ ಇರಲಿ" ಅಂದು. ಬಸ್ಸು ತಿರುಗುವವರೆಗೂ ಕೈ ಬೀಸಿದಳು. ಮನೆಗೆ ಬಂದು ಬಾಗಿಲ ಹಿಂದೆ, ಅಕ್ಕನ ಕೊಡದ ಪಕ್ಕ ಬೂಟುಗಳನ್ನು ಜೋಡಿಸಿಟ್ಟೆ. ಕೋಣೆಯಲ್ಲಿ ಬೇರೆಯವರ ಸಾಮಾನೇ ಹೆಚ್ಚಾಗುತ್ತ ಬಂದಿದೆ ಅನ್ನಿಸಿತು. ಜನ ಮಾತ್ರ ಇಲ್ಲ.

ಹುಳು ಬೇಯಿಸಲು ನೀರಿಟ್ಟೆ. ಗೋಡೆಯ ಆಚೆಯ ಖಾಲಿ ಕೋಣೆಯಲ್ಲಿ ಏನೋ ಉರುಳಿದ ಸದ್ದು, ಇಲಿ ಇರಬೇಕು. ಮೊದಲಾಗಿದ್ದರೆ ಆ ಗೋಡೆಗೆ ಸೌಟಿನಿಂದ ಎರಡು ಸಲ ಬಡಿದರೆ ಆ ಕಡೆಯಿಂದಲೂ ಎರಡು ಸಲ ಸದ್ದು ಬರುತ್ತಿತ್ತು. ಒಂದು ಸಲ ಬಡಿದು ನೋಡಿದೆ. ಇಲಿ ಸುಮ್ಮನಾಯಿತು.

ಒಲೆಯ ಮುಂದೆ ಕೂತು ಯೋಚಿಸಿದೆ. ತುಂಬಿದೆ ಅಂತ ಬರೆಯಲಾರೆ, ನೋಡಿಲ್ಲ. ತುಂಬಿಲ್ಲ ಅಂತ ಸುಮ್ಮನಿರುವುದೂ ಈಗ ಸುಳ್ಳೇ, ಅದನ್ನೂ ನೋಡಿಲ್ಲ. ಮುಂದಿನ ದೊಡ್ಡ ಇಳಿತಕ್ಕೆ ಇನ್ನೂ ಆರು ತಿಂಗಳಿದೆ, ಆಗಲೂ ನಾನು ಮೇಲಿನ ಬಂಡೆಯ ತುದಿಯಲ್ಲೇ ನಿಂತಿರುತ್ತೇನೆ. ಅಕ್ಕ ಕೇಳಿದ ಪ್ರಶ್ನೆಗೆ ಉತ್ತರ ಕೆಳಮುಖದಲ್ಲಿದೆ. ಕೆಳಮುಖ ನೋಡಲು ಇಬ್ಬರು ಬೇಕು. ಇಬ್ಬರಲ್ಲಿ ಒಬ್ಬಳು ಉತ್ತರಕ್ಕಾಗಿ ಕಾಯುತ್ತ ಕಿಟಕಿಯ ಹತ್ತಿರ ಕೂತಿದ್ದಾಳೆ. ಹೀಗೆ ಕಾಯುತ್ತ ಕೂತರೆ ಇಬ್ಬರೂ ಒಂದು ದಿನ ಮಣ್ಣಾಗುತ್ತೇವೆ, ಬಂಡೆ ಅದರ ಪಾಡಿಗೆ ತುಂಬಿಕೊಂಡೋ ತುಂಬದೆಯೋ ಇರುತ್ತದೆ.

ಒಲೆ ಆರಿಸಿ, ಕಾಗದ ತೆಗೆದುಕೊಂಡೆ. ಅಂಗೈಯ ಗಾಯಕ್ಕೆ ಪೆನ್ನು ತಾಗಿ ಉರಿಯುತ್ತಿತ್ತು.

"ಅಕ್ಕಾ,

ತುಂಬಿದರೆ ಬರೆ, ತುಂಬದಿದ್ದರೆ ಬರೆಯಬೇಡ ಅಂದಿದ್ದೆ. ತುಂಬಿದೆ ಅಂತ ನಾನು ಬರೆಯುತ್ತಿಲ್ಲ. ತುಂಬಿಲ್ಲ ಅಂತಲೂ ಬರೆಯುತ್ತಿಲ್ಲ. ನೆತ್ತಿಯ ಮೇಲೆ ಕಲ್ಲುಹಲ್ಲು ಬಂದಿದೆ, ಕೆಳಮುಖದಲ್ಲಿ ಕಪ್ಪಗೆ ಏನೋ ಇದೆ. ಏನು ಅಂತ ನೋಡಬೇಕಾದರೆ ಸಮುದ್ರಕ್ಕೆ ಬೆನ್ನು ಹಾಕಬೇಕು. ನನ್ನ ಬೆನ್ನಿಗೆ ನೀನಲ್ಲದೆ ಯಾರಿದ್ದಾರೆ?

ಮಂಡಿ ಬಗ್ಗುವುದಿಲ್ಲವಂತೆ. ಬಗ್ಗುವುದು ಬೇಡ, ನಿಂತರೆ ಸಾಕು. ಈ ಸಲ ನೀನು ಸಮುದ್ರ ನೋಡು, ನಾನು ಬಂಡೆ ನೋಡುತ್ತೇನೆ. ಕಿವಿ ಕೇಳದಿದ್ದರೂ ನಡೆಯುತ್ತದೆ. ತೆರೆಯನ್ನು ನೋಡುವುದು ಕಣ್ಣಿನಿಂದ, ಕೂಗುವುದು ಬಾಯಿಂದ. ನಿನ್ನ ಬಾಯಿ ಯಾವತ್ತೂ ಕೆಟ್ಟಿದ್ದಿಲ್ಲ.

ನನಗೆ ಸಿಟ್ಟಿರಲಿಲ್ಲ. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ನಿನ್ನ ಕೊಡ ಇಲ್ಲೇ ಇದೆ. ಮುಂದಿನ ದೊಡ್ಡ ಇಳಿತದ ಒಳಗೆ ಬಾ.

ಇದು ನನ್ನದೇ ಅಕ್ಷರ. ನಗಬೇಡ.

ಸಣ್ಣಿ."

ಮರುದಿನ ಅಂಚೆ ಕಚೇರಿ ತೆರೆಯುವಾಗಲೇ ಹೋಗಿ ನಿಂತೆ. ಗುಮಾಸ್ತನಿಗೂ ಈಗ ಕನ್ನಡಕ ಬಂದಿದೆ. ನನ್ನನ್ನು ಕನ್ನಡಕದ ಮೇಲಿಂದ ನೋಡಿದ.

"ಏನಜ್ಜಿ, ಈ ಸಲ ಲಕೋಟೆ ನಿಜವಾಗಿ ಕೊಡ್ತೀರಾ, ಇಲ್ಲ ಗೋಂದಿನ ಡಬ್ಬಿ ಮುಟ್ಟಿ ದರ್ಶನ ಮಾಡ್ಕೊಂಡು ಹೋಗ್ತೀರಾ?"

"ಕೊಡ್ತೀನಿ. ನಿನ್ನ ಡಬ್ಬಿ ನೀನೇ ಇಟ್ಕೋ. ಮನೇಲೇ ಅಂಟಿಸಿ ತಂದಿದ್ದೀನಿ."

"ಅಂದರೆ ಬಂಡೆ ತುಂಬಿತು ಅನ್ನಿ!" ಆ ಹಳೆಯ ಕಾಗದ ಓದಿದವನು ಅವನೇ ತಾನೆ, ಮರೆತಿರಲಿಲ್ಲ.

"ಯಾರಿಗೆ ಗೊತ್ತು?" ಅಂದೆ.

ಅವನು ಹುಬ್ಬೇರಿಸಿದ. ಲಕೋಟೆಯನ್ನು ಅವನ ಕೈಗೆ ಕೊಟ್ಟು, ಅಭ್ಯಾಸ ನೋಡಿ, ನಾನು ಬಾಗಿಲ ಕಡೆಗೆ ತಿರುಗಿ ನಿಂತುಬಿಟ್ಟೆ. ಹೊರಗೆ ರಸ್ತೆಯ ಕೊನೆಯಲ್ಲಿ ಒಂದು ಅಂಗೈಯಷ್ಟು ಸಮುದ್ರ ಕಾಣುತ್ತಿತ್ತು, ನೀರು ಏರುತ್ತಿತ್ತು. ಬೆನ್ನಿನ ಹಿಂದೆ ಅವನು ಸ್ಟಾಂಪು ಹರಿದದ್ದು, ಅಂಟಿಸಿದ್ದು ಕೇಳಿಸಿತು. ಆಮೇಲೆ ಮುದ್ರೆ ಬಿತ್ತು, ಧಡ್ ಅಂತ. ಚೀಲದ ಬಾಯಿ ಅಗಲವಾದ ಸದ್ದು, ಅದರೊಳಗೆ ಕಾಗದ ಜಾರಿದ ಸದ್ದು.

"ಹೋಯ್ತು ಅಜ್ಜಿ," ಅಂದ.